ಭಾರದ ಗಾಡಿ, ಮಳೆಯ ರಸ್ತೆ: ಟೈರು ಆರಿಸೋದು ಮೇ ತಿಂಗಳಲ್ಲೇ

"ಭಾರದ ಗಾಡಿ ಮಾರಾಯ, ರಸ್ತೆ ಕಚ್ಕೊಂಡು ಹೋಗ್ತದೆ." ಕುಮಟಾದಿಂದ ಭಟ್ಕಳದವರೆಗೆ ಯಾರ ಮನೆಯಂಗಳದಲ್ಲಿ ದೊಡ್ಡ ಎಸ್‌ಯುವಿ ನಿಂತಿದ್ದರೂ ಈ ಮಾತು ಒಂದು ಸಲವಾದರೂ ಬಂದೇ ಬರುತ್ತದೆ. ಫಾರ್ಚೂನರ್, ಸ್ಕಾರ್ಪಿಯೊ-ಎನ್, ಎಕ್ಸ್‌ಯುವಿ 700, ಹ್ಯಾರಿಯರ್ ಯಾವುದೇ ಇರಲಿ. ಇಂಜಿನ್, ಸನ್‌ರೂಫ್, ಸ್ಪೀಕರ್ ಬಗ್ಗೆ ಆರು ತಿಂಗಳು ವಿಡಿಯೊ ನೋಡಿ ಗಾಡಿ ತಗೊಂಡವರು, ಟೈರು ಸವೆದಾಗ ಮಾತ್ರ "ಅಂಗಡಿಯವ ಹೇಳಿದ್ದು ಹಾಕ್ಸಿದೆ" ಅಂತ ಮುಗಿಸಿಬಿಡುತ್ತಾರೆ. ಎರಡು ಟನ್ ತೂಕದ ಗಾಡಿ ರಸ್ತೆಗೆ ತಾಗೋದು ನಾಲ್ಕು ಅಂಗೈಯಷ್ಟು ಜಾಗದಲ್ಲಿ ಮಾತ್ರ. ಅಜ್ಜಿ, ಮಕ್ಕಳು, ಹಲಸಿನಕಾಯಿ ಚೀಲ ಎಲ್ಲ ಕೂತಿರೋದು ಅದರ ಮೇಲೆ.

ಮೊದಲು ಒಂದು ಗೊಂದಲ ಬಿಡಿಸೋಣ. ಇಂಟರ್ನೆಟ್ಟಿನಲ್ಲಿ ಹುಡುಕಿದರೆ 'ಸಮ್ಮರ್ ಟೈರ್', 'ವಿಂಟರ್ ಟೈರ್' ಅಂತ ಸಿಗುತ್ತದೆ. ಅದು ಚಳಿ ದೇಶದವರ ಲೆಕ್ಕ. ತಾಪಮಾನ ಸುಮಾರು 7 ಡಿಗ್ರಿಗಿಂತ ಕೆಳಗಿಳಿದರೆ ಸಾಮಾನ್ಯ ರಬ್ಬರ್ ಬಿರುಸಾಗಿ ಹಿಡಿತ ಕಳೆದುಕೊಳ್ಳುತ್ತದೆ, ಅದಕ್ಕೆ ಅವರು ಚಳಿಗಾಲಕ್ಕೆ ಮೆದು ರಬ್ಬರಿನ ಬೇರೆ ಟೈರು ಹಾಕುತ್ತಾರೆ. ನಮ್ಮ ಕರಾವಳಿಯಲ್ಲಿ ಆ ಪ್ರಶ್ನೆಯೇ ಇಲ್ಲ. ಇಲ್ಲಿ ಅಂಗಡಿಯಲ್ಲಿ ಸಿಗೋ ಬಹುತೇಕ ಟೈರುಗಳೆಲ್ಲ ಸಮ್ಮರ್ ಟೈರೇ. ಆದರೆ ನಮಗೆ ಬೇಸಿಗೆಗಿಂತ ದೊಡ್ಡ ಪರೀಕ್ಷೆ ಮಳೆಗಾಲ. ಈ ಕರಾವಳಿಯಲ್ಲಿ ವರ್ಷಕ್ಕೆ ಮೂರು ಸಾವಿರ ಮಿಲಿಮೀಟರ್ ದಾಟಿ ಮಳೆಯಾಗುತ್ತದೆ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. 2022ರ ಆಗಸ್ಟ್ ಮೊದಲ ವಾರ ಭಟ್ಕಳದಲ್ಲಿ ಒಂದೇ ದಿನಕ್ಕೆ 500 ಮಿಲಿಮೀಟರ್ ದಾಟಿತ್ತು. ಹಾಗಾಗಿ ಇಲ್ಲಿ ಟೈರು ಆರಿಸುವವರ ಪ್ರಶ್ನೆ ಒಂದೇ: ಒದ್ದೆ ರಸ್ತೆಯಲ್ಲಿ ಇದು ನಿಲ್ಲಿಸುತ್ತದಾ?

ಈಗ ಆ 'ಕಚ್ಕೊಂಡು ಹೋಗ್ತದೆ' ಮಾತಿಗೆ ಬರೋಣ. 1960ರ ದಶಕದಲ್ಲಿ ನಾಸಾದ ಎಂಜಿನಿಯರುಗಳು ನೀರು ನಿಂತ ರನ್‌ವೇಯಲ್ಲಿ ವಿಮಾನದ ಟೈರು ಯಾವ ವೇಗಕ್ಕೆ ತೇಲುತ್ತದೆ ಅಂತ ಪ್ರಯೋಗ ಮಾಡಿ ಒಂದು ಸರಳ ಸೂತ್ರ ಕೊಟ್ಟರು. ಟೈರಿನ ಗಾಳಿಯ ಒತ್ತಡವನ್ನು ಪಿಎಸ್‌ಐನಲ್ಲಿ ತಗೊಂಡು, ಅದರ ವರ್ಗಮೂಲವನ್ನು ಸುಮಾರು 16.7ರಿಂದ ಗುಣಿಸಿದರೆ ತೇಲುವ ವೇಗ ಕಿಲೋಮೀಟರಿನಲ್ಲಿ ಸಿಗುತ್ತದೆ. 36 ಪಿಎಸ್‌ಐ ಇದ್ದರೆ ಗಂಟೆಗೆ 100 ಕಿ.ಮೀ. ಅದೇ 25ಕ್ಕೆ ಇಳಿದಿದ್ದರೆ 83. ಸವೆದ ಟೈರಿಗೆ, ಟ್ರೆಡ್ಡಿನ ಆಳಕ್ಕಿಂತ ಹೆಚ್ಚು ನೀರು ನಿಂತಾಗ ಅನ್ವಯಿಸುವ ಸ್ಥೂಲ ಲೆಕ್ಕ ಇದು. ಅಗಲದ ಟೈರು ಇನ್ನೂ ಬೇಗ ತೇಲಬಹುದು. ಆದರೆ ಗಮನಿಸಿ, ಸೂತ್ರದಲ್ಲಿ ಗಾಡಿಯ ತೂಕವೇ ಇಲ್ಲ! ತೂಕ ಹೆಚ್ಚಾದರೆ ಟೈರು ಇನ್ನಷ್ಟು ಚಪ್ಪಟೆಯಾಗಿ ಹೆಚ್ಚು ಜಾಗಕ್ಕೆ ಹರಡುತ್ತದೆ, ಇಂಚಿಗೆ ಬೀಳುವ ಒತ್ತಡ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ಫಾರ್ಚೂನರ್ ತೇಲೋದಕ್ಕೂ ಆಲ್ಟೊ ತೇಲೋದಕ್ಕೂ ತೂಕದಿಂದ ದೊಡ್ಡ ವ್ಯತ್ಯಾಸ ಬರೋದಿಲ್ಲ. ಒಣ ರಸ್ತೆಯಲ್ಲೂ ಅಷ್ಟೆ, ಟೈರಿನ ಮೇಲಿನ ಭಾರ ಎರಡು ಪಟ್ಟಾದರೆ ಹಿಡಿತ ಎರಡು ಪಟ್ಟಾಗುವುದಿಲ್ಲ, ಸ್ವಲ್ಪ ಕಡಿಮೆಯೇ ಸಿಗುತ್ತದೆ. ಅಂದರೆ ಭಾರ ಟೈರಿಗೆ ಸಹಾಯ ಅಲ್ಲ, ಕೆಲಸ.

ಹೆದ್ದಾರಿ 66 ಚತುಷ್ಪಥ ಆದ ಮೇಲೆ ಎಲ್ಲರ ವೇಗವೂ ಹೆಚ್ಚಿದೆ. ತಗ್ಗಿನಲ್ಲಿ, ಸೇತುವೆಯ ತುದಿಯಲ್ಲಿ, ಸರ್ವಿಸ್ ರಸ್ತೆ ಬಂದು ಸೇರುವಲ್ಲಿ ನೀರು ನಿಂತಿರುತ್ತದೆ. ಜೊತೆಗೆ ಮೀನು ಲಾರಿಗಳ ನೀರು ಬೇರೆ. ಮೊದಲ ಮಳೆಯ ದಿನವಂತೂ ಎಂಟು ತಿಂಗಳ ಎಣ್ಣೆ, ಧೂಳು, ಕೆಂಪು ಮಣ್ಣು ಎಲ್ಲ ಎದ್ದು ರಸ್ತೆಗೆ ಸಾಬೂನು ಹಚ್ಚಿದ ಹಾಗೆ ಇರುತ್ತದೆ.

ಅಂಗಡಿಗೆ ಹೋದರೆ ಸಿಗುವ ಮೊದಲ ಸಲಹೆ, "ಎಟಿ ಹಾಕ್ಸಿ ಸರ್, ಗಾಡಿಗೆ ಲುಕ್ ಬರ್ತದೆ." ಎಟಿ ಅಂದರೆ ಆಲ್ ಟೆರೇನ್; ದಪ್ಪ ದಪ್ಪ ರಬ್ಬರ್ ಗಟ್ಟಿಗಳು, ಮಣ್ಣುದಾರಿಗೆ ಮಾಡಿದ್ದು. ಎಚ್‌ಟಿ ಅಂದರೆ ಹೈವೇ ಟೆರೇನ್. ನೀರು ಹೊರಗೆ ಹಾಕುವ ಉದ್ದುದ್ದ ಕಾಲುವೆಗಳು, ಅಲ್ಲಲ್ಲಿ ಸಣ್ಣ ಸೀಳುಗಳು, ರಸ್ತೆಗೆ ತಾಗುವ ರಬ್ಬರ್ ಹೆಚ್ಚು. ಬ್ರಿಜ್‌ಸ್ಟೋನ್ ಡ್ಯೂಲರ್, ಯೋಕೋಹಾಮಾ ಜಿಯೋಲ್ಯಾಂಡರ್, ಅಪೋಲೊ ಆಪ್ಟೆರಾ ಮೂರರಲ್ಲೂ ಎರಡೂ ಬಗೆ ಇವೆ, ಹಾಗಾಗಿ ಬ್ರಾಂಡ್ ಹೆಸರು ಹೇಳಿ ಸುಮ್ಮನಾಗಬೇಡಿ. ಒದ್ದೆ ಡಾಂಬರಿನ ಮೇಲೆ ಬ್ರೇಕ್ ಹಾಕಿದಾಗ ಸಾಮಾನ್ಯವಾಗಿ ಎಚ್‌ಟಿ ಬೇಗ ನಿಲ್ಲಿಸುತ್ತದೆ, ಸದ್ದೂ ಕಡಿಮೆ. ಮಳೆಗಾಲದಲ್ಲಿ ದಿನಾ ಅಡಿಕೆ ತೋಟದ ಕೆಸರು ಹಾದಿ ಹತ್ತಿಳಿಯುವವರಿಗೆ ಎಟಿ ಬೇಕು, ಅವರ ಮಾತು ಬೇರೆ. ಶನಿವಾರ ಮುರ್ಡೇಶ್ವರ, ಭಾನುವಾರ ಗೋಕರ್ಣ ಅನ್ನುವವರಿಗೆ ಎಟಿ ಬರೀ ಶೋಕಿ. ರಿಮ್ಮನ್ನು ಇನ್ನೂ ದೊಡ್ಡದು ಮಾಡಿಸಿ ತೆಳು ಟೈರು ಹಾಕಿಸುವವರ ಬಗ್ಗೆ ಹೇಳೋದೇ ಬೇಡ, ನಮ್ಮ ಹೊಂಡಗಳು ಹೇಳುತ್ತವೆ.

ಒದ್ದೆ ಹಿಡಿತವನ್ನು ಅಳೆಯುವುದು ಹೇಗೆ? 2022ರ ಅಕ್ಟೋಬರ್‌ನಿಂದ ನಮ್ಮ ದೇಶದಲ್ಲೂ ಹೊಸ ವಿನ್ಯಾಸದ ಟೈರುಗಳಿಗೆ ಒದ್ದೆ ಹಿಡಿತ, ಉರುಳುವಾಗಿನ ಪ್ರತಿರೋಧ, ಸದ್ದು ಈ ಮೂರಕ್ಕೂ ಕನಿಷ್ಠ ಮಟ್ಟ ಕಡ್ಡಾಯವಾಗಿದೆ. ಅದು ಪಾಸಾಗುವ ಅಂಕ ಅಷ್ಟೆ, ರ್‍ಯಾಂಕ್ ಅಲ್ಲ. ಅದೇ ಟೈರು ಯುರೋಪಿನಲ್ಲೂ ಮಾರಾಟವಾಗುತ್ತಿದ್ದರೆ ಅಲ್ಲಿನ ಲೇಬಲ್ಲಿನಲ್ಲಿ ಒದ್ದೆ ಹಿಡಿತಕ್ಕೆ 'ಎ'ಯಿಂದ 'ಇ'ವರೆಗೆ ದರ್ಜೆ ಇರುತ್ತದೆ, ಫೋನಿನಲ್ಲೇ ನೋಡಬಹುದು. ಒಂದೊಂದು ದರ್ಜೆ ಇಳಿದ ಹಾಗೆ ನಿಲ್ಲುವ ದೂರ ಕೆಲವು ಮೀಟರ್ ಬೆಳೆಯುತ್ತದೆ. ಮುಂದೆ ಅಡ್ಡ ಬಂದ ಸ್ಕೂಟರಿನವನಿಗೂ ನಮ್ಮ ಬಂಪರಿಗೂ ನಡುವೆ ಇರೋದು ಅಷ್ಟೇ ಮೀಟರ್.

ಭಾರದ ಗಾಡಿಗೆ ಇನ್ನೊಂದು ಸಂಖ್ಯೆ ಮುಖ್ಯ. ಟೈರಿನ ಬದಿಯಲ್ಲಿ 235/60 ಆರ್ 18 ಅಂತ ಅಳತೆ ಬರೆದ ಮೇಲೆ 103 ಅಥವಾ 107 ಅಂತ ಇರುತ್ತದಲ್ಲ, ಅದು ಹೊರುವ ಶಕ್ತಿ. 103 ಅಂದರೆ ಒಂದು ಟೈರು 875 ಕೆಜಿ, 107 ಅಂದರೆ 975 ಕೆಜಿ. ಅಳತೆ ಒಂದೇ, ನೋಡಲೂ ಒಂದೇ, ಹೊರುವುದರಲ್ಲಿ ನೂರು ಕೆಜಿ ವ್ಯತ್ಯಾಸ. ಏಳು ಜನ ಕೂತು, ಮೇಲೆ ಲಗೇಜು ಕಟ್ಟಿ ದೇವಿಮನೆ ಘಟ್ಟ ಇಳಿಯುತ್ತ ಬ್ರೇಕ್ ಒತ್ತಿದಾಗ ಭಾರವೆಲ್ಲ ಮುಂದಿನ ಎರಡು ಟೈರಿಗೆ ವಾಲುತ್ತದೆ. ಕಂಪನಿ ಹಾಕಿಕೊಟ್ಟ ಸಂಖ್ಯೆಗಿಂತ ಕೆಳಗೆ ಹೋಗಲೇಬಾರದು. ಸ್ಟಾಕ್ ಇಲ್ಲ ಅಂದರೆ ಎರಡು ದಿನ ಕಾಯಿರಿ.

ಭಟ್ಕಳದ ಕಡೆ ಇನ್ನೊಂದು ಬಗೆಯ ಗಾಡಿ ಇದೆ. ಮನೆಯವರು ದುಬೈನಲ್ಲಿ, ಗಾಡಿ ಊರಲ್ಲಿ. ವರ್ಷಕ್ಕೊಮ್ಮೆ ರಜೆಗೆ ಬಂದಾಗ ಹೊರಗೆ ತೆಗೆಯುತ್ತಾರೆ. "ಬರೀ ಹದಿನೈದು ಸಾವಿರ ಓಡಿದ್ದು, ಟೈರು ಹೊಸದರ ಹಾಗೇ ಇದೆ" ಅನ್ನುತ್ತಾರೆ. ಗ್ರಿಪ್ ಇರಬಹುದು, ಆದರೆ ರಬ್ಬರ್ ಓಡದಿದ್ದರೂ ವಯಸ್ಸಾಗುತ್ತದೆ. ಬದಿಯಲ್ಲಿ ಕೊನೆಯ ನಾಲ್ಕು ಅಂಕಿ ನೋಡಿ. 2319 ಅಂತ ಇದ್ದರೆ 2019ರ 23ನೇ ವಾರ ತಯಾರಾದದ್ದು. ಐದು ವರ್ಷ ದಾಟಿದ ಮೇಲೆ ಪ್ರತಿ ವರ್ಷ ತೋರಿಸಿ, ಹತ್ತು ವರ್ಷವಾದರೆ ಎಷ್ಟೇ ಚೆಂದ ಕಂಡರೂ ತೆಗೆಯಿರಿ. ಬದಿಯಲ್ಲಿ ಸಣ್ಣ ಬಿರುಕು ಕಂಡರೆ ಅಷ್ಟು ದಿನ ಕಾಯುವುದೂ ಬೇಡ. ಹೊಸದು ಕೊಳ್ಳುವಾಗಲೂ ಇದೇ ಅಂಕಿ ನೋಡಿ, ಡಿಸ್ಕೌಂಟಿನ ಗುಟ್ಟು ಕೆಲವು ಸಲ ಅಲ್ಲೇ ಇರುತ್ತದೆ.

ಶಕ್ತಿಯ ವಿಷಯಕ್ಕೆ ಬಂದರೆ, ಆಟೊಮ್ಯಾಟಿಕ್ ಫಾರ್ಚೂನರ್ ಡೀಸೆಲ್‌ಗೆ 500 ನ್ಯೂಟನ್ ಮೀಟರ್ ಟಾರ್ಕ್. ಹಿಂದಿನ ಚಕ್ರಕ್ಕೆ ಮಾತ್ರ ಶಕ್ತಿ ಹೋಗುವ ಗಾಡಿಯಲ್ಲಿ, ಹಿಂದೆ ಯಾರೂ ಇಲ್ಲದಿರುವಾಗ, ಗೇರುಸೊಪ್ಪ ಘಟ್ಟದ ಒದ್ದೆ ತಿರುವಿನಲ್ಲಿ ಎಕ್ಸಲರೇಟರ್ ಒತ್ತಿದರೆ ಹಿಂಭಾಗ ಜಾರಬಹುದು. ಫೋರ್ ವೀಲ್ ಡ್ರೈವ್ ಹತ್ತಲು ಸಹಾಯ ಮಾಡುತ್ತದೆ. ನಿಲ್ಲಿಸುವಾಗ ಎಲ್ಲ ಗಾಡಿಗೂ ನಾಲ್ಕೇ ಚಕ್ರ, ನಾಲ್ಕೇ ಬ್ರೇಕು. ಎರಡೇ ಹೊಸ ಟೈರು ಹಾಕಿಸುವುದಾದರೆ ಅವು ಹಿಂದಕ್ಕೇ ಹೋಗಬೇಕು, ಇಂಜಿನ್ ಯಾವ ಚಕ್ರ ತಿರುಗಿಸಿದರೂ ಸರಿ. ಮುಂದಿನದು ಜಾರಿದರೆ ಗಾಡಿ ನೇರ ಹೋಗುತ್ತದೆ, ಕಾಲು ತೆಗೆದರೆ ಹಿಡಿತ ವಾಪಸ್ ಬರಬಹುದು. ಹಿಂದಿನದು ಜಾರಿದರೆ ಗಾಡಿಯೇ ತಿರುಗುತ್ತದೆ. ಎಲ್ಲ ಚಕ್ರಕ್ಕೂ ಸದಾ ಶಕ್ತಿ ಹೋಗುವ ಗಾಡಿಯಾದರೆ ನಾಲ್ಕನ್ನೂ ಒಟ್ಟಿಗೆ ಬದಲಿಸೋದು ಒಳ್ಳೆಯದು.

ಗಾಳಿಯ ಬಗ್ಗೆ ಒಂದು ಹಳೇ ನಂಬಿಕೆ: ಸೆಕೆಗೆ ಟೈರು ಒಡೆಯುತ್ತದೆ, ಅದಕ್ಕೆ ಗಾಳಿ ಕಡಿಮೆ ಇಡಬೇಕು ಅಂತ. ನಿಜ ಉಲ್ಟಾ. ಗಾಳಿ ಕಡಿಮೆಯಾದರೆ ಬದಿ ಹೆಚ್ಚು ಬಾಗಿ ಬಾಗಿ ಬಿಸಿಯಾಗುತ್ತದೆ, ಒಡೆಯೋದು ಆಗಲೇ. ಮೇಲಿನ ಸೂತ್ರದ ಪ್ರಕಾರ ಮಳೆಯಲ್ಲಿ ತೇಲೋದೂ ಬೇಗ. ತಾಪಮಾನ ಐದಾರು ಡಿಗ್ರಿ ಏರಿದರೆ ಒತ್ತಡ ಸುಮಾರು ಒಂದು ಪಿಎಸ್‌ಐ ಏರುತ್ತದೆ, ಶಿರಸಿಯ ಬೆಳಗಿನ ಚಳಿಯಲ್ಲಿ ಹೊರಟು ಕುಮಟಾದ ಬಿಸಿಲಿಗೆ ಬಂದಾಗ ಮೂರು ಹೆಚ್ಚು ತೋರಿಸಿದರೆ ಗಾಬರಿಯಾಗಿ ಬಿಡಿಸಬೇಡಿ. ಬೆಳಿಗ್ಗೆ ಗಾಡಿ ತೆಗೆಯುವ ಮೊದಲು, ಡ್ರೈವರ್ ಬಾಗಿಲ ಬಳಿಯ ಚೀಟಿಯಲ್ಲಿರುವಷ್ಟು ತುಂಬಿಸಿ. ಆ ಚೀಟಿಯಲ್ಲಿ ತುಂಬಿದ ಗಾಡಿಗೆ ಬೇರೆ ಅಂಕಿ ಇದ್ದರೆ, ಏಳು ಜನ ಹೊರಡುವ ದಿನ ಅದು. ನೈಟ್ರೋಜನ್ ಬೇಕಾ? ಮಾಮೂಲಿ ಗಾಳಿಯಲ್ಲೇ ಅದು ಶೇ 78 ಇದೆ.

ಕಾನೂನಿನ ಪ್ರಕಾರ 1.6 ಮಿ.ಮೀ. ಟ್ರೆಡ್ ಉಳಿಯುವವರೆಗೆ ಓಡಿಸಬಹುದು. ನಮ್ಮ ಮಳೆಗೆ ನಾನು 3 ಮಿ.ಮೀ.ಗೇ ಬದಲಿಸಿ ಅನ್ನುತ್ತೇನೆ. ನಾಲ್ಕು ಟೈರಿಗೆ ಅರ್ಧ ಲಕ್ಷದ ಆಚೀಚೆ ಖರ್ಚು ಅಂತ ಗೊತ್ತು, ಆದರೂ. ಆ ಕೆಲಸ ಮೇ ಎರಡನೇ ವಾರದೊಳಗೆ ಮುಗಿಸಿ, ಅಲೈನ್‌ಮೆಂಟ್ ಕೂಡ ಅವತ್ತೇ. ಹೊಸ ಟೈರಿನ ಮೇಲೆ ಅಚ್ಚಿನಿಂದ ಬಿಡಿಸಲು ಹಚ್ಚಿದ ಜಾರುವ ಪದರ ಉಳಿದಿರುತ್ತದೆ. ಮೊದಲ ಕೆಲವು ನೂರು ಕಿಲೋಮೀಟರ್ ಮೆತ್ತಗೆ ಓಡಿಸಿ ಅದನ್ನು ಒಣ ರಸ್ತೆಯಲ್ಲೇ ಸವೆಸಿಬಿಡಬೇಕು. ಹಾಗೇ ಹಿಂದೆ ನೇತಾಡುವ ಸ್ಟೆಪ್ನಿಗೂ ಒಮ್ಮೆ ಗಾಳಿ ನೋಡಿಸಿ.