ಯಶವಂತಪುರದ ಗೋದಾಮಿಗೆ ಯಾವ ಲೈನು?



ಕಳೆದ ಸರ್ವಸದಸ್ಯರ ಸಭೆಯಲ್ಲಿ ಹಿರಿಯ ಬೆಳೆಗಾರರೊಬ್ಬರು, "ಅಡಿಕೆ ಮಾರುವ ಸಂಘಕ್ಕೆ ಇಂಟರ್‌ನೆಟ್ಟಿನ ಖರ್ಚು ಇಷ್ಟೇಕೆ?" ಎಂದು ಕೇಳಿದರು. ಪ್ರಶ್ನೆ ನ್ಯಾಯವಾದುದೇ. ಉತ್ತರ ಕೊಡುವುದು ನಮ್ಮ ಕರ್ತವ್ಯ.

ಯಶವಂತಪುರದಲ್ಲಿ ನಮ್ಮ ಅಡಿಕೆ ಗೋದಾಮು ಇದೆ. ಆರ್.ಟಿ. ನಗರ, ಹೆಬ್ಬಾಳ, ಯಲಹಂಕಗಳಲ್ಲಿ ಕಾಫಿಪುಡಿ ಮಳಿಗೆಗಳಿವೆ. ಇವೆಲ್ಲದರ ಲೆಕ್ಕ ಮಲೆನಾಡಿನ ಪ್ರಧಾನ ಕಛೇರಿಯ ಯಂತ್ರಕ್ಕೆ ಸೇರಬೇಕು. ಹಿಂದೆ ಒಂದು ದಿನ ತಡವಾದರೂ ನಡೆಯುತ್ತಿತ್ತು. 2017ರಲ್ಲಿ ಜಿ.ಎಸ್.ಟಿ., 2018ರಲ್ಲಿ ಇ-ವೇ ಬಿಲ್ಲು ಬಂದ ಮೇಲೆ ಹಾಗಿಲ್ಲ. ಬಿಲ್ಲು ಹೊರಡದೆ ಲಾರಿ ಹೊರಡುವಂತಿಲ್ಲ. ಲಾರಿ ನಿಂತರೆ ಖರೀದಿದಾರರ ಹಣ ನಿಲ್ಲುತ್ತದೆ. ಕೊನೆಗೆ ನಿಲ್ಲುವುದು ಸದಸ್ಯರ ಪಾವತಿ.

ಕಳೆದ ಮಳೆಗಾಲದಲ್ಲಿ ಇದನ್ನು ಕಣ್ಣಾರೆ ಕಂಡೆವು. ಗೋದಾಮಿಗೆ ಎರಡು ಕಂಪೆನಿಗಳಿಂದ ಎರಡು ಲೈನು ಪಡೆದು ನಿಶ್ಚಿಂತರಾಗಿದ್ದೆವು. ಯಾರೋ ರಸ್ತೆ ಅಗೆದರು. ಎರಡೂ ಒಂದೇ ಗಳಿಗೆಯಲ್ಲಿ ಸತ್ತವು. ವಿಚಾರಿಸಲಾಗಿ, ಎರಡೂ ಕೇಬಲ್ಲು ಒಂದೇ ಕೊಳವೆಯಲ್ಲಿ ಹಾದುಹೋಗಿದ್ದವು. ಒಂದೇ ಕೆರೆಗೆ ಎರಡು ಪಂಪು ಕೂರಿಸಿದಂತಾಯಿತು. ಹೇರಿದ ಲಾರಿಗಳು ಸಂಜೆಯವರೆಗೆ ನಿಂತವು. ತಪ್ಪು ನಮ್ಮದೇ: ಕಂಪೆನಿಯ ಹೆಸರು ಕೇಳಿದ್ದೆವು, ಕೇಬಲ್ಲಿನ ದಾರಿ ಕೇಳಿರಲಿಲ್ಲ.

ಆ ಬಳಿಕ ಆಡಳಿತ ಮಂಡಳಿಯು ಇರುವ ವಿಧಾನಗಳನ್ನು ಒಂದೊಂದಾಗಿ ಪರಿಶೀಲಿಸಿತು.

1. ಲೀಸ್ಡ್ ಲೈನ್: ನಮಗೇ ಮೀಸಲಾದುದು. ಹೋಗುವ ಬರುವ ವೇಗ ಸಮ; ದುರಸ್ತಿಯ ಅವಧಿಯನ್ನು ಕರಾರಿನಲ್ಲಿ ಬರೆಸಿಕೊಳ್ಳಬಹುದು. ಬೆಲೆ ಮಾತ್ರ ಹೆಚ್ಚು.

2. ಎಂ.ಪಿ.ಎಲ್.ಎಸ್.: ಒಂದು ಕಂಪೆನಿ ತನ್ನ ಜಾಲದೊಳಗೆ ನಮ್ಮ ಎಲ್ಲ ಶಾಖೆಗಳಿಗೂ ಪ್ರತ್ಯೇಕ ಓಣಿ ಮಾಡಿಕೊಡುತ್ತದೆ. ಬಿಲ್ಲಿಗೆ ಮೊದಲ ಸರದಿ ಕೊಡಿಸಬಹುದು. ಆದರೆ ಶಾಖೆಗಳೆಲ್ಲ ಆ ಕಂಪೆನಿಯನ್ನೇ ನೆಚ್ಚಬೇಕು. ಪ್ರತ್ಯೇಕ ಓಣಿ ಎಂದ ಮಾತ್ರಕ್ಕೆ ಬೀಗ ಹಾಕಿದಂತಲ್ಲ; ಗುಟ್ಟಿನ ಭದ್ರತೆ ಬೇರೆಯೇ ಮಾಡಿಕೊಳ್ಳಬೇಕು.

3. ಬ್ರಾಡ್‌ಬ್ಯಾಂಡ್: ಅಗ್ಗ, ನೆರೆಹೊರೆಯವರೊಡನೆ ಹಂಚಿಕೆಯದು. ಅದರ ಮೇಲೆ ವಿ.ಪಿ.ಎನ್. ಹಾಕಿದರೆ ಲೆಕ್ಕವನ್ನು ಹೊರಗಿನವರು ಓದಲಾರರು. ದುರಸ್ತಿ ಎಂದಿಗೆಂಬ ಭರವಸೆ ಸಾಮಾನ್ಯವಾಗಿ ಇರದು.

4. ಮೊಬೈಲ್ ಸಿಮ್ಮು: ರಸ್ತೆ ಅಗೆದರೂ ಗೋದಾಮಿನ ಕೊನೆಯಲ್ಲಿ ಕಡಿಯಲು ತಂತಿಯೇ ಇಲ್ಲ. ಸಂದಣಿಯ ವೇಳೆ ನಿಧಾನ.

5. ಉಪಗ್ರಹದ ವಿಸ್ಯಾಟ್: ಭೂಸ್ಥಿರ ಉಪಗ್ರಹ ಸುಮಾರು 36,000 ಕಿ.ಮೀ. ಮೇಲಿದೆ. ಸಂದೇಶ ಮೇಲೇರಿ ಇಳಿದು, ಉತ್ತರ ಹಾಗೆಯೇ ಮರಳಲು ಅರ್ಧ ಸೆಕೆಂಡು ಬೇಕು. ಬಿಲ್ಲಿಗೆ ಅದು ಅಡ್ಡಿಯಲ್ಲ. ಜಡಿಮಳೆಗೆ ಸಂಕೇತ ಕುಗ್ಗುವುದೇ ತೊಂದರೆ.

ಇವುಗಳಲ್ಲಿ ಅತ್ಯುತ್ತಮ ಯಾವುದು ಎಂದು ಕೇಳುವುದು ಸರಿಯಲ್ಲ. ಯಾವ ಶಾಖೆಯಲ್ಲಿ ಸಂಪರ್ಕ ತಪ್ಪಿದರೆ ಎಷ್ಟು ನಷ್ಟ ಎಂಬುದೇ ಅಳತೆಗೋಲು. ಹೂಮಳೆ ತಪ್ಪಿದ ವರ್ಷ ಮೊದಲು ಯಾವ ತೋಟಕ್ಕೆ ಸ್ಪ್ರಿಂಕ್ಲರ್ ಹಾಕಬೇಕೆಂದು ನಾವು ತೀರ್ಮಾನಿಸುವುದೂ ಹೀಗೆಯೇ.

ಅಂತೆಯೇ ಗೋದಾಮಿಗೆ ಒಂದು ಲೀಸ್ಡ್ ಲೈನ್, ಜೊತೆಗೆ ಬೇರೆ ಕಂಪೆನಿಯ ಸಿಮ್ಮು. ಒಂದು ಸತ್ತರೆ ತಾನಾಗಿಯೇ ಇನ್ನೊಂದಕ್ಕೆ ಹೊರಳಿಸುವ ಎಸ್.ಡಿ.-ವ್ಯಾನ್ ಪೆಟ್ಟಿಗೆ ನಡುವೆ ಇರುತ್ತದೆ. ಮೂರು ಮಳಿಗೆಗಳಿಗೆ ಬ್ರಾಡ್‌ಬ್ಯಾಂಡ್ ಮೇಲಿನ ವಿ.ಪಿ.ಎನ್. ಸಾಕು. ಅಲ್ಲಿ ಲೈನು ಹೋದರೆ ಬಿಲ್ಲುಗಳು ಮಳಿಗೆಯ ಯಂತ್ರದಲ್ಲೇ ಉಳಿದು, ಲೈನು ಬಂದ ಮೇಲೆ ಹೊರಡುತ್ತವೆ.

ಇನ್ನೊಂದು ದೌರ್ಬಲ್ಯ ಆಗಷ್ಟೇ ನಮಗೆ ಹೊಳೆಯಿತು. ಮಲೆನಾಡಿನ ಗಾಳಿಮಳೆಗೆ ಮರ ಬಿದ್ದು ಪ್ರಧಾನ ಕಛೇರಿಯ ಲೈನೇ ಹೋದರೆ, ಬೆಂಗಳೂರಿನ ನಾಲ್ಕೂ ಕಡೆ ಎಷ್ಟು ಒಳ್ಳೆಯ ಲೈನಿದ್ದರೇನು? ಆದ್ದರಿಂದ ಲೆಕ್ಕದ ಯಂತ್ರವನ್ನೇ ಬೆಂಗಳೂರಿನ ಡೇಟಾ ಸೆಂಟರ್ ಒಂದಕ್ಕೆ ಸಾಗಿಸಲು ನಿರ್ಣಯಿಸಿದ್ದೇವೆ. ನಮ್ಮ ಕಛೇರಿ ಒಂದು ದಿನ ಕತ್ತಲಲ್ಲಿದ್ದರೂ ಯಶವಂತಪುರದ ಲಾರಿ ಹೊರಡಲಿ.

ಸ್ವಂತ ಮಳಿಗೆ, ಕ್ಯೂರಿಂಗ್ ಕೇಂದ್ರ ನಡೆಸುವ ಸದಸ್ಯರೂ ಲೈನು ಪಡೆಯುವ ಮುನ್ನ ಮೂರು ಪ್ರಶ್ನೆ ಕೇಳಲಿ: ಕೇಬಲ್ಲು ಬರುವ ದಾರಿ ಯಾವುದು? ಕೆಟ್ಟರೆ ಎಷ್ಟು ಗಂಟೆಯಲ್ಲಿ ದುರಸ್ತಿ? ಅಲ್ಲಿಯವರೆಗೆ ನಮ್ಮ ಕೆಲಸ ಹೇಗೆ ನಡೆಯಬೇಕು? ಮೊದಲಿನ ಎರಡಕ್ಕೆ ಉತ್ತರವನ್ನು ಬರವಣಿಗೆಯಲ್ಲೇ ಪಡೆಯಿರಿ. ಮೂರನೆಯದಕ್ಕೆ ಉತ್ತರ ನಾವೇ ಸಿದ್ಧಮಾಡಿಕೊಳ್ಳಬೇಕು.

ಖರ್ಚಿನ ಪೂರ್ಣ ವಿವರವನ್ನು ಮುಂದಿನ ಸಭೆಯಲ್ಲಿ ಒಪ್ಪಿಸುತ್ತೇವೆ. ಸದಸ್ಯರು ತಪ್ಪದೆ ಬಂದು ಪ್ರಶ್ನಿಸಬೇಕೆಂದು ಕೋರುತ್ತೇವೆ.

– ಕಾರ್ಯದರ್ಶಿ