ಪ್ಯಾಟ್ ಸಮ್ಮಿಟ್: ಟೆನೆಸಿಯ ತರಬೇತುದಾರ್ತಿ

ಅಮೆರಿಕದ ಟೆನೆಸಿ ವಿಶ್ವವಿದ್ಯಾಲಯದ ಮಹಿಳಾ ಬಾಸ್ಕೆಟ್‌ಬಾಲ್ ತಂಡದ ಹೊಣೆಯನ್ನು ಪ್ಯಾಟ್ ಸಮ್ಮಿಟ್ 1974ರಲ್ಲಿ ವಹಿಸಿಕೊಂಡಾಗ ಅವರಿಗೆ ಕೇವಲ 22 ವರ್ಷ. ಸರ್ಕಾರಿ ನೆರವು ಪಡೆಯುವ ಶಿಕ್ಷಣ ಸಂಸ್ಥೆಗಳಲ್ಲಿ ಲಿಂಗಭೇದವನ್ನು ನಿಷೇಧಿಸುವ ‘ಟೈಟಲ್ ನೈನ್’ ಎಂಬ ಕಾನೂನು 1972ರಲ್ಲೇ ಬಂದಿದ್ದರೂ, ಹಣವಾಗಲಿ ಮನ್ನಣೆಯಾಗಲಿ ಮಹಿಳಾ ಕ್ರೀಡೆಯನ್ನು ಇನ್ನೂ ತಲುಪಿರಲಿಲ್ಲವಾದ್ದರಿಂದ, ತಂಡದ ವ್ಯಾನ್ ಓಡಿಸುವುದೂ ಸಮವಸ್ತ್ರ ಒಗೆಯುವುದೂ ತರಬೇತುದಾರ್ತಿಯ ಪಾಲಿಗೇ ಬಂದಿದ್ದವು. ಈ ನಡುವೆಯೇ ಅವರು 1976ರ ಒಲಿಂಪಿಕ್ಸ್‌ನಲ್ಲಿ ಆಟಗಾರ್ತಿಯಾಗಿ ಬೆಳ್ಳಿಯನ್ನೂ, 1984ರಲ್ಲಿ ತರಬೇತುದಾರ್ತಿಯಾಗಿ ಚಿನ್ನವನ್ನೂ ಗೆದ್ದರು.

ಬಿಗಿಯಾದ ರಕ್ಷಣೆ ಹಾಗೂ ರೀಬೌಂಡ್, ಎಂದರೆ ಬುಟ್ಟಿಗೆ ಬೀಳದೆ ಪುಟಿದ ಚೆಂಡನ್ನು ವಶಪಡಿಸಿಕೊಳ್ಳುವ ಕೌಶಲ, ಇವೆರಡನ್ನೇ ಆಧಾರವಾಗಿ ನೆಚ್ಚಿದ ಅವರ ತಂಡಗಳು 1987ರಿಂದ 2008ರವರೆಗೆ 8 ರಾಷ್ಟ್ರೀಯ ಪ್ರಶಸ್ತಿಗಳನ್ನು ಪಡೆದವು. 1997–98ರ ಋತುವಿನಲ್ಲಂತೂ ಆಡಿದ 39 ಪಂದ್ಯಗಳಲ್ಲಿ ಒಂದನ್ನೂ ಸೋಲಲಿಲ್ಲ. ಒಟ್ಟು 1,098 ಗೆಲುವುಗಳ ಈ ಲೆಕ್ಕಕ್ಕಿಂತಲೂ ದೊಡ್ಡದೆಂದು ಪರಿಗಣಿಸಬೇಕಾದುದು ಬೇರೊಂದಿದೆ: ಕಾಲೇಜು ಕ್ರೀಡೆಗೆ ನಿಗದಿಯಾದ ವರ್ಷಗಳನ್ನು ಅವರ ಬಳಿ ಪೂರೈಸಿದ ಪ್ರತಿಯೊಬ್ಬ ಆಟಗಾರ್ತಿಯೂ ಪದವಿ ಪಡೆದೇ ಹೊರಬಂದಳು.

2011ರಲ್ಲಿ, ನೆನಪನ್ನು ಕ್ರಮೇಣ ಅಳಿಸುವ ಆಲ್ಝೈಮರ್ ಕಾಯಿಲೆಯನ್ನು ವೈದ್ಯರು ಗುರುತಿಸಿದಾಗ ಅವರು ಅದನ್ನು ಬಹಿರಂಗವಾಗಿ ತಿಳಿಸಿ, ಮತ್ತೊಂದು ಋತುವಿನವರೆಗೆ ತಂಡವನ್ನು ನಡೆಸಿದರು. 2012ರಲ್ಲಿ ಅವರು ತೆರವು ಮಾಡಿದ ಹುದ್ದೆಗೆ, ಹಿಂದೆ ಅವರದೇ ಆಟಗಾರ್ತಿಯಾಗಿದ್ದು ಅನಂತರ ದೀರ್ಘಕಾಲ ಸಹಾಯಕಿಯಾಗಿ ದುಡಿದ ಹಾಲಿ ವಾರ್ಲಿಕ್ ಬಂದರು.