ಗ್ರಾಫೀನ್‌ಓಎಸ್

ಗ್ರಾಫೀನ್‌ಓಎಸ್ ಎಂಬುದು ಖಾಸಗಿತನ ಮತ್ತು ಸುರಕ್ಷತೆಗೆ ಒತ್ತು ನೀಡುವ, ಆಂಡ್ರಾಯ್ಡ್‌ನ ಮುಕ್ತ ಆಕರವನ್ನು ಆಧರಿಸಿದ ಸ್ಮಾರ್ಟ್‌ಫೋನ್ ಕಾರ್ಯಾಚರಣಾ ವ್ಯವಸ್ಥೆ. ಇದನ್ನು ಮುಖ್ಯವಾಗಿ ಗೂಗಲ್ ಪಿಕ್ಸೆಲ್ ಫೋನುಗಳಿಗಾಗಿ ರೂಪಿಸಲಾಗಿದೆ.

ಇತಿಹಾಸ

ಡೇನಿಯಲ್ ಮೈಕೇ ಮತ್ತು ಜೇಮ್ಸ್ ಡೊನಾಲ್ಡ್‌ಸನ್ ಆರಂಭಿಸಿದ ಕಾಪರ್‌ಹೆಡ್‌ಓಎಸ್ ಇದರ ಪೂರ್ವರೂಪ. 2018ರಲ್ಲಿ ಇಬ್ಬರೂ ಬೇರೆಯಾದ ಬಳಿಕ ಮೈಕೇ ಕೆಲಸವನ್ನು ಮುಂದುವರಿಸಿದರು. 2019ರಲ್ಲಿ ಈಗಿನ ಹೆಸರು ಬಂದಿತು.

ವೈಶಿಷ್ಟ್ಯಗಳು

* ಗೂಗಲ್ ಸೇವೆಗಳನ್ನು ಮೊದಲೇ ಅಳವಡಿಸಿರುವುದಿಲ್ಲ. ಬೇಕಾದವರು ಅವನ್ನು ವಿಶೇಷಾಧಿಕಾರವಿಲ್ಲದ ಸಾಮಾನ್ಯ ಆಪ್‌ಗಳಂತೆ ಸ್ಥಾಪಿಸಿಕೊಳ್ಳಬಹುದು.
* ಪ್ರತಿ ಆಪ್‌ಗೂ ಅಂತರಜಾಲ ಹಾಗೂ ಸಂವೇದಕಗಳ ಬಳಕೆಯನ್ನು ಪ್ರತ್ಯೇಕವಾಗಿ ನಿರಾಕರಿಸಬಹುದು.
* ಅನುಸ್ಥಾಪನೆಯ ನಂತರ ಬೂಟ್‌ಲೋಡರ್‌ಗೆ ಮತ್ತೆ ಬೀಗ ಹಾಕಬಹುದು. ಆಗ ವ್ಯವಸ್ಥೆಯ ಕಡತಗಳನ್ನು ಯಾರಾದರೂ ತಿದ್ದಿದ್ದರೆ ಫೋನ್ ಆರಂಭವಾಗುವಾಗಲೇ ಪತ್ತೆಯಾಗುತ್ತದೆ.
* ಬಹುಹೊತ್ತು ಬೀಗ ತೆರೆಯದ ಫೋನ್ ತಾನಾಗಿ ಮರುಪ್ರಾರಂಭವಾಗುತ್ತದೆ. ಇದರಿಂದ ದತ್ತಾಂಶದ ಗೂಢಲಿಪಿ ಕೀಲಿಗಳು ಸ್ಮೃತಿಯಿಂದ ಅಳಿಸಿಹೋಗುತ್ತವೆ.

ಪರ–ವಿರೋಧ ವಾದಗಳು

ಗೂಗಲ್‌ನಿಂದ ದೂರವಿರಲು ಗೂಗಲ್ ಫೋನನ್ನೇ ಕೊಳ್ಳಬೇಕಾಗುವುದು ವಿರೋಧಾಭಾಸವೆಂಬುದು ಸಾಮಾನ್ಯ ಟೀಕೆ. ಮತ್ತೆ ಬೀಗ ಹಾಕುವ ಸೌಲಭ್ಯ, ಪ್ರತ್ಯೇಕ ಸುರಕ್ಷತಾ ಚಿಪ್ ಹಾಗೂ ದೀರ್ಘಕಾಲದ ಪರಿಷ್ಕರಣೆಗಳೇ ಈ ಆಯ್ಕೆಗೆ ಕಾರಣವೆಂದು ಸಮರ್ಥಕರು ಹೇಳುತ್ತಾರೆ. ಲಿನಿಯೇಜ್‌ಓಎಸ್ ಹಲವು ತಯಾರಕರ ಹಳೆಯ ಫೋನುಗಳಿಗೂ ಲಭ್ಯವಿದೆ. ಆದರೆ ಅವುಗಳಲ್ಲಿ ಸಾಮಾನ್ಯವಾಗಿ ಬೂಟ್‌ಲೋಡರ್ ತೆರೆದೇ ಇರುತ್ತದೆ. ಹೀಗಾಗಿ ಅಗ್ಗದ ಫೋನ್ ಬಳಸುವವರು ಖಾಸಗಿತನ ಮತ್ತು ಸುರಕ್ಷತೆಗಳ ನಡುವೆ ರಾಜಿ ಮಾಡಿಕೊಳ್ಳಬೇಕಾಗುತ್ತದೆ.

ಗೂಗಲ್‌ನ ಪ್ಲೇ ಇಂಟೆಗ್ರಿಟಿ ಪರೀಕ್ಷೆಯನ್ನು ಅವಲಂಬಿಸಿದ ಕೆಲವು ಬ್ಯಾಂಕಿಂಗ್ ಆಪ್‌ಗಳು ಗ್ರಾಫೀನ್‌ಓಎಸ್‌ನಲ್ಲಿ ಕೆಲಸ ಮಾಡುವುದಿಲ್ಲ. ಅಲ್ಲದೆ, ಸಿಮ್ ಇರುವ ಫೋನ್ ಯಾವ ಗೋಪುರದ ವ್ಯಾಪ್ತಿಯಲ್ಲಿದೆ ಎಂಬುದು ದೂರವಾಣಿ ಸಂಸ್ಥೆಗೆ ತಿಳಿಯುವುದನ್ನು ಯಾವ ಕಾರ್ಯಾಚರಣಾ ವ್ಯವಸ್ಥೆಯೂ ತಡೆಯಲಾರದು.